ಬಾಡಿಗೆಯ ಮೋಡ, ಸ್ವಂತ ಲ್ಯಾಪ್‌ಟಾಪ್

‘ಡಿಜಿಟಲ್ ಕನ್ನಡ’ ಎಂಬ ಮಾತು ಈಗ ನಮ್ಮ ವಿಚಾರಸಂಕಿರಣಗಳ ಆಹ್ವಾನಪತ್ರಿಕೆಯಲ್ಲಿ ಕಾಯಂ ಆಗಿದೆ. ಹಸ್ತಪ್ರತಿಗಳ ಡಿಜಿಟಲೀಕರಣ, ಜಾನಪದ ಧ್ವನಿಸಂಗ್ರಹ, ಆನ್‌ಲೈನ್ ನಿಘಂಟು, ಪಠ್ಯಕೋಶ. ಪ್ರಬಂಧ ಮಂಡನೆ ಮುಗಿದ ಮೇಲೆ ಯಾರಾದರೂ ಎದ್ದು ನಿಂತು, “ಇದೆಲ್ಲ ಇರುವುದು ಎಲ್ಲಿ?” ಎಂದು ಕೇಳಿದರೆ ಬರುವ ಉತ್ತರ ಒಂದೇ: “ಕ್ಲೌಡ್‌ನಲ್ಲಿದೆ.” ಕೇಳಿದವರು ತಲೆಯಾಡಿಸಿ ಕೂರುತ್ತಾರೆ. ಒಂದು ತಾಳೆಗರಿ ಯಾವ ಮಠದ್ದು, ಯಾರು ಪ್ರತಿ ಮಾಡಿದರು, ಯಾವ ಪಾಠ ಮೂಲಕ್ಕೆ ಹತ್ತಿರ ಎಂದು ಗಂಟೆಗಟ್ಟಲೆ ಜಗಳವಾಡುವ ನಾವು, ಅದೇ ತಾಳೆಗರಿ ಫೈಲ್ ಆದ ಕೂಡಲೇ ಅದರ ನೆಲೆಯ ಬಗ್ಗೆ ಕೇಳುವುದನ್ನೇ ಬಿಟ್ಟುಬಿಡುತ್ತೇವೆ.

ಈ ಬರಹ ಆ ಮೌನದ ಮೇಲಿನ ತಕರಾರು. ನನ್ನ ವಾದ ಇಷ್ಟು: ಕನ್ನಡ ಪಠ್ಯಗಳನ್ನು ಕಂಪ್ಯೂಟರಿನಲ್ಲಿಟ್ಟು ಕೆಲಸ ಮಾಡುವ ಪ್ರತಿ ಸಂಶೋಧನಾ ವಿದ್ಯಾರ್ಥಿಯೂ, ಕ್ಲೌಡ್ ಕಂಪನಿಗಳು ನಮಗೆ ಬಾಡಿಗೆಗೆ ಕೊಡುವ ವ್ಯವಸ್ಥೆಯನ್ನು ಒಮ್ಮೆಯಾದರೂ ತನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿ, ಓಡಿಸಿ, ಕೆಡವಿ ನೋಡಬೇಕು. ಹಾಗೆ ನೋಡಿದವರಿಗೆ ಮಾತ್ರ ಅದು ಬೇಕಿಲ್ಲದ ಕಡೆ ‘ಬೇಡ’ ಎನ್ನುವ ಧೈರ್ಯ ಬರುತ್ತದೆ.

ಆ ವ್ಯವಸ್ಥೆಯ ಹೆಸರು ಕುಬರ್ನೆಟೀಸ್. ಹೆಸರು ಕೇಳಿ ಪುಟ ಮುಚ್ಚಬೇಡಿ. ವಿಷಯ ಅಷ್ಟು ಕಷ್ಟದ್ದಲ್ಲ. ಒಂದು ಆನ್‌ಲೈನ್ ನಿಘಂಟು ನಡೆಯಬೇಕೆಂದರೆ ಅದರ ಕೋಡ್ ಒಂದೇ ಸಾಲದು. ಡೇಟಾಬೇಸ್ ಬೇಕು, ಹುಡುಕುವ ಸಾಧನ ಬೇಕು, ಇಂಥದೇ ಆವೃತ್ತಿಯ ಹತ್ತಾರು ಲೈಬ್ರರಿಗಳು ಬೇಕು. ಒಂದೊಂದು ಕೆಲಸವನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದು ಗಂಟಾಗಿ ಕಟ್ಟಿ, ಯಾವ ಯಂತ್ರದಲ್ಲಿ ಬಿಚ್ಚಿದರೂ ಒಂದೇ ರೀತಿ ಓಡುವಂತೆ ಮಾಡಿದರೆ ಅದು ಕಂಟೇನರ್. 2013ರಲ್ಲಿ ಡಾಕರ್ ಬಂದ ಮೇಲೆ ಈ ಪದ್ಧತಿ ಎಲ್ಲೆಡೆ ಹರಡಿತು. ಒಂದೆರಡು ಗಂಟುಗಳಿದ್ದರೆ ಕೈಯಲ್ಲೇ ನೋಡಿಕೊಳ್ಳಬಹುದು. ಸಾವಿರ ಗಂಟು, ನೂರು ಯಂತ್ರ ಆದಾಗ ಯಾವುದನ್ನು ಎಲ್ಲಿ ಇಳಿಸಬೇಕು, ಬಿದ್ದದ್ದನ್ನು ಯಾರು ಎಬ್ಬಿಸಬೇಕು ಎಂದು ನೋಡಲು ಒಬ್ಬ ಮೇಸ್ತ್ರಿ ಬೇಕಾಗುತ್ತಾನೆ. ಗೂಗಲ್ ತನ್ನೊಳಗೆ ‘ಬೋರ್ಗ್’ ಎಂಬ ಮೇಸ್ತ್ರಿಯನ್ನು ವರ್ಷಗಟ್ಟಲೆ ಬಳಸಿತ್ತು. ಆ ಅನುಭವದ ಮೇಲೆ ಹೊಸದಾಗಿ ಬರೆದ ಕುಬರ್ನೆಟೀಸನ್ನು 2014ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಗಿಟ್ಟಿತು. ಇವತ್ತು ಅದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಸಾಮಾನು.

ಗ್ರೀಕಿನಲ್ಲಿ ಈ ಪದಕ್ಕೆ ಚುಕ್ಕಾಣಿ ಹಿಡಿದವನು ಎಂದರ್ಥ. ನಾರ್ಬರ್ಟ್ ವೀನರ್ 1948ರ ತನ್ನ ಪುಸ್ತಕದಲ್ಲಿ ‘ಸೈಬರ್ನೆಟಿಕ್ಸ್’ ಎಂಬ ಹೆಸರನ್ನು ತೆಗೆದದ್ದು ಇದೇ ಬೇರಿನಿಂದ. ಇಂಗ್ಲಿಷಿನ ‘ಗವರ್ನರ್’ ಕೂಡ ಲ್ಯಾಟಿನ್ ದಾರಿ ಹಿಡಿದು ಇಲ್ಲಿಂದಲೇ ಬಂದದ್ದು. ಚುಕ್ಕಾಣಿಗೂ ಆಳ್ವಿಕೆಗೂ ಒಂದೇ ಬೇರು. ದೋಣಿಯಲ್ಲಿರುವ ಸರಕು ನಮ್ಮ ಭಾಷೆಯದಾದಾಗ ಚುಕ್ಕಾಣಿ ಯಾರ ಕೈಯಲ್ಲಿದೆ ಎಂದು ಕೇಳುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವೇ ಹೌದು.

ಇದನ್ನು ಕಲಿಯಲು ಕ್ಲೌಡ್ ಖಾತೆ ಬೇಕು ಎಂದು ನಂಬಿಸಲಾಗಿದೆ. ಖಾತೆಗೆ ಸಾಮಾನ್ಯವಾಗಿ ಕಾರ್ಡ್ ಕೇಳುತ್ತಾರೆ. ದೊಡ್ಡ ಕಂಪನಿಗಳಲ್ಲಿ ಮೇಸ್ತ್ರಿಗೆ ಮಾತ್ರ ಗಂಟೆಗೆ 10 ಅಮೆರಿಕನ್ ಸೆಂಟ್ ಎಂಬ ದರ ಸಾಮಾನ್ಯ. ತಿಂಗಳಿಗೆ 70 ಡಾಲರ್ ದಾಟುತ್ತದೆ, ಕೆಲಸ ಮಾಡುವ ಯಂತ್ರಗಳ ಬಾಡಿಗೆ ಬೇರೆ. ಫೆಲೋಶಿಪ್ ಯಾವಾಗ ಬರುತ್ತದೋ ಎಂದು ಕಾಯುವವರಿಗೆ ಇದು ಮುಚ್ಚಿದ ಬಾಗಿಲು. ಆದರೆ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿದೆ. ಮಿನಿಕ್ಯೂಬ್ ಎಂಬ ಉಚಿತ ಸಾಧನ ಕೇಳುವುದು ಎರಡು ಸಿಪಿಯು, 2 ಜಿಬಿ ಖಾಲಿ ಮೆಮೊರಿ, 20 ಜಿಬಿ ಡಿಸ್ಕ್. ಕೈಂಡ್ ಎಂಬ ಇನ್ನೊಂದು ಸಾಧನ ಡಾಕರ್ ಕಂಟೇನರುಗಳನ್ನೇ ಬೇರೆ ಬೇರೆ ಯಂತ್ರಗಳೆಂದು ನಟಿಸಿ ಇಡೀ ಕ್ಲಸ್ಟರ್ ಕಟ್ಟುತ್ತದೆ. 8 ಜಿಬಿಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ, ಬ್ರೌಸರಿನ ಟ್ಯಾಬುಗಳನ್ನು ಮುಚ್ಚಿದರೆ, ಎರಡೂ ಓಡುತ್ತವೆ.

ಓಡಿಸಿದರೆ ಏನು ಕಾಣುತ್ತದೆ? ಮೊದಲು ಒಂದು ಫೈಲಿನಲ್ಲಿ ‘ಈ ನಿಘಂಟಿನ ಮೂರು ಪ್ರತಿ ಓಡುತ್ತಿರಬೇಕು’ ಎಂದು ಬರೆಯುತ್ತೀರಿ. ಮೂರು ಪಾಡ್‌ಗಳು ಏಳುತ್ತವೆ. ಒಂದನ್ನು ಬೇಕೆಂದೇ ಅಳಿಸಿ. ಕೆಲವೇ ಸೆಕೆಂಡುಗಳಲ್ಲಿ ಬೇರೆ ಹೆಸರಿನ ಇನ್ನೊಂದು ಪಾಡ್ ಅದರ ಜಾಗಕ್ಕೆ ಬರುತ್ತದೆ. ಇದರಲ್ಲಿ ಪವಾಡವಿಲ್ಲ. ಇರಬೇಕಾದದ್ದು ಏನು ಎಂಬುದು ಇಟಿಸಿಡಿ ಎಂಬ ದಾಖಲೆಪುಸ್ತಕದಲ್ಲಿ ಬರೆದಿರುತ್ತದೆ. ಇರುವುದು ಏನು ಎಂದು ಕಾವಲುಗಾರ ಪ್ರೋಗ್ರಾಮುಗಳು ನೋಡುತ್ತಲೇ ಇರುತ್ತವೆ. ವ್ಯತ್ಯಾಸ ಕಂಡರೆ ತುಂಬುತ್ತವೆ. ‘ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ವ್ಯವಸ್ಥೆ’ ಎಂಬ ಮಾರಾಟದ ಮಾತಿನ ಹಿಂದಿರುವುದು ಇಷ್ಟೇ ಲೆಕ್ಕ.

ಇನ್ನೊಂದು ಪ್ರಯೋಗ ಮಾಡಿ. ಪಾಡ್ ಒಳಗೆ ಒಂದು ಫೈಲ್ ಬರೆದು, ಆಮೇಲೆ ಆ ಪಾಡ್ ಅಳಿಸಿ. ಹೊಸ ಪಾಡ್ ಬರುತ್ತದೆ, ಫೈಲ್ ಬರುವುದಿಲ್ಲ. ಉಳಿಯಬೇಕಾದದ್ದಕ್ಕೆ ಬೇರೆ ಡಿಸ್ಕನ್ನು ನೀವೇ ಹೇಳಿ ಜೋಡಿಸಿರಬೇಕು. ಎಬ್ಬಿಸುವುದು ಬೇರೆ, ಉಳಿಸುವುದು ಬೇರೆ. ಪಠ್ಯ ಸಂರಕ್ಷಣೆ ಎಂಬ ಪದವನ್ನು ಪ್ರತಿ ಯೋಜನಾ ವರದಿಯಲ್ಲೂ ಬರೆಯುವವರು ಈ ವ್ಯತ್ಯಾಸವನ್ನು ಕಣ್ಣಾರೆ ನೋಡಿರಬೇಕು.

ಮೂರನೆಯದು ನನಗೆ ಅತ್ಯಂತ ಇಷ್ಟದ್ದು. ನಿಘಂಟನ್ನು ಹೊರಜಗತ್ತಿಗೆ ತೆರೆಯಲು ‘ಲೋಡ್ ಬ್ಯಾಲೆನ್ಸರ್’ ಬೇಕು ಎಂದು ಫೈಲಿನಲ್ಲಿ ಬರೆಯಿರಿ. ಕೈಂಡ್ ಕ್ಲಸ್ಟರಿನಲ್ಲಿ, ಬೇರೇನನ್ನೂ ಜೋಡಿಸದಿದ್ದರೆ, ಹೊರ ವಿಳಾಸದ ಜಾಗದಲ್ಲಿ ‘ಪೆಂಡಿಂಗ್’ ಎಂದು ಬರುತ್ತದೆ. ಎಷ್ಟು ಹೊತ್ತು ಕಾದರೂ ಪೆಂಡಿಂಗ್. ಕಾರಣವೇನೆಂದರೆ ಆ ವಿಳಾಸ ಕೊಡುವ ಕೆಲಸ ಕುಬರ್ನೆಟೀಸಿನದಲ್ಲ. ಅದನ್ನು ಬಾಡಿಗೆಗೆ ಕೊಟ್ಟ ಕ್ಲೌಡ್ ಕಂಪನಿಯದು. ಕ್ಲೌಡ್‌ನಲ್ಲಿ ಅದೇ ಸಾಲು ಬರೆದರೆ ವಿಳಾಸ ಸಿಗುತ್ತದೆ, ಅದರ ಜೊತೆಗೆ ಬಿಲ್ಲಿಗೂ ಒಂದು ಸಾಲು ಸೇರುತ್ತದೆ. ಮುಕ್ತ ತಂತ್ರಾಂಶ ಎಲ್ಲಿ ಮುಗಿದು ಬಾಡಿಗೆ ಎಲ್ಲಿ ಶುರುವಾಗುತ್ತದೆ ಎಂಬ ಗಡಿಗೆರೆ ಆ ಒಂದು ಪದದಲ್ಲಿದೆ. ಕ್ಲೌಡ್‌ನಲ್ಲೇ ಕಲಿತವರಿಗೆ ಈ ಗೆರೆ ಕಾಣುವುದೇ ಇಲ್ಲ, ಯಾಕೆಂದರೆ ಅಲ್ಲಿ ಅದನ್ನು ನುಣ್ಣಗೆ ಒರೆಸಿಟ್ಟಿರುತ್ತಾರೆ.

“ಇದೆಲ್ಲ ಎಂಜಿನಿಯರುಗಳ ಕೆಲಸ, ನಮಗೇಕೆ?” ಎನ್ನುವ ಹಿರಿಯರಿದ್ದಾರೆ. ಅವರಿಗೆ ಒಂದು ಅಕ್ಷರದ ಉದಾಹರಣೆ ಕೊಡುತ್ತೇನೆ. ಕಂಟೇನರುಗಳ ಗಾತ್ರ ಕಡಿಮೆ ಇರಲಿ ಎಂದು ಬಹಳ ಜನ ಆಲ್ಪೈನ್ ಎಂಬ ಪುಟ್ಟ ಲಿನಕ್ಸನ್ನು ತಳಹದಿಯಾಗಿ ಬಳಸುತ್ತಾರೆ. ಗಾತ್ರ ಕಡಿಮೆ ಮಾಡಲು ಅದರಲ್ಲಿ ಬಿಟ್ಟಿರುವ ಸಾಮಾನುಗಳಲ್ಲಿ ಭಾಷಾವಾರು ಅಕಾರಾದಿ ನಿಯಮಗಳೂ ಸೇರಿವೆ. ಅದರ ಮೂಲ ಲೈಬ್ರರಿ ಪದಗಳನ್ನು ಜೋಡಿಸುವುದು ಯೂನಿಕೋಡ್ ಸಂಖ್ಯೆಯ ಪ್ರಕಾರ. ಯೂನಿಕೋಡಿನಲ್ಲಿ ‘ಳ’ ಬರುವುದು ‘ಲ’ ಆದ ಕೂಡಲೇ, ‘ವ’ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ, ಕೊನೆಗೆ. ಹಾಗಾಗಿ ನಿಘಂಟಿನಲ್ಲಿ ‘ಬಸವ’ ಆದ ಮೇಲೆ ಬರಬೇಕಾದ ‘ಬಳೆ’ ಅದಕ್ಕಿಂತ ಮೊದಲೇ ಬಂದು ಕೂರುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಯಂತ್ರದ ದೃಷ್ಟಿಯಲ್ಲಿ ಎಲ್ಲ ಸರಿಯಾಗಿದೆ. ಕನ್ನಡ ಬಾರದ ಎಂಜಿನಿಯರಿಗೆ ಇದು ಕಾಣುವುದಿಲ್ಲ, ಕಂಟೇನರ್ ತೆರೆದು ನೋಡದ ಕನ್ನಡ ಪ್ರಾಧ್ಯಾಪಕರಿಗೆ ಕಂಡರೂ ಕಾರಣ ತಿಳಿಯುವುದಿಲ್ಲ. ಎರಡೂ ಗೊತ್ತಿರುವ ಒಬ್ಬರು ವಿಭಾಗದಲ್ಲಿ ಇರಬೇಡವೇ?

ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ. ನಾನು ಬಲ್ಲ ಒಂದು ವಿಭಾಗ ಅನುದಾನ ಪಡೆದು ಪಠ್ಯಕೋಶವೊಂದನ್ನು ಮಾಡಿತು. ಗುತ್ತಿಗೆದಾರರು ಅದನ್ನು ಬಾಡಿಗೆ ಕ್ಲಸ್ಟರಿನ ಮೇಲೆ ನಿಲ್ಲಿಸಿದರು. ಸ್ಕ್ಯಾನ್ ಮಾಡಿದ ಪುಟಗಳಿಂದ ಯಂತ್ರ ಓದಿ ತೆಗೆದ ಪಠ್ಯವನ್ನು ವಿದ್ಯಾರ್ಥಿಗಳು ಎರಡು ವರ್ಷ ಕೂತು ತಿದ್ದಿದರು. ನನ್ನ ಗೆಳೆಯರೂ ಅವರಲ್ಲಿದ್ದರು. ಅನುದಾನ ಮುಗಿಯಿತು, ಬಿಲ್ ನಿಂತಿತು, ತಾಣ ಹೋಯಿತು. ವಿಭಾಗದ ಹಾರ್ಡ್ ಡಿಸ್ಕಿನಲ್ಲಿ ಉಳಿದದ್ದು ಸ್ಕ್ಯಾನ್ ಚಿತ್ರಗಳು ಮಾತ್ರ. ತಿದ್ದಿದ ಪಠ್ಯ ಕ್ಲಸ್ಟರಿನ ಡೇಟಾಬೇಸಿನಲ್ಲಿತ್ತು. ಅದನ್ನು ಕಾಲಕಾಲಕ್ಕೆ ಹೊರತೆಗೆದು ಇಟ್ಟುಕೊಳ್ಳಬೇಕು ಎಂದು ಕೇಳುವವರೇ ಅಲ್ಲಿರಲಿಲ್ಲ, ಯಾಕೆಂದರೆ ಅದು ಎಲ್ಲಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಜೋಪಾನವಾಗಿಟ್ಟ ತಾಳೆಗರಿ ಹಾಳಾಗಲು ಕೆಲವು ದಶಕಗಳಾದರೂ ಬೇಕು. ಇಲ್ಲಿ ಒಂದು ಆರ್ಥಿಕ ವರ್ಷ ಸಾಕಾಯಿತು.

ಇಷ್ಟಕ್ಕೂ ಆ ಕ್ಲಸ್ಟರ್ ಬೇಕಿತ್ತೇ? ಲೆಕ್ಕ ಹಾಕೋಣ. ‘ವಚನ ಸಂಚಯ’ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದಬಹುದು. ಒಂದು ವಚನಕ್ಕೆ 500 ಅಕ್ಷರಚಿಹ್ನೆ ಎಂದಿಟ್ಟುಕೊಳ್ಳಿ. ಯುಟಿಎಫ್-8ರಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್. 20,000 ವಚನಗಳ ಒಟ್ಟು ಪಠ್ಯ ಸುಮಾರು 30 ಎಂಬಿ. ಮೊಬೈಲಿನಲ್ಲಿ ತೆಗೆದ ಹತ್ತು ಫೋಟೋಗಳಷ್ಟು. ಶತಮಾನಗಳ ವಚನ ಸಾಹಿತ್ಯ ಒಂದು ಪೆನ್ ಡ್ರೈವಿನ ಮೂಲೆಯಲ್ಲಿ ಹಿಡಿಯುತ್ತದೆ. ಒಂದೇ ಸಣ್ಣ ಸರ್ವರ್, ಒಂದು ಡೇಟಾಬೇಸ್, ವಾರಕ್ಕೊಮ್ಮೆ ಎರಡು ಕಡೆ ತೆಗೆದಿಟ್ಟ ಪ್ರತಿ: ನಮ್ಮ ಬಹುಪಾಲು ಸಾಹಿತ್ಯ ಯೋಜನೆಗಳಿಗೆ ಇಷ್ಟು ಸಾಕು. ಕೋಟ್ಯಂತರ ಬಳಕೆದಾರರಿರುವ ಕಂಪನಿಗಾಗಿ ಹುಟ್ಟಿದ ಮೇಸ್ತ್ರಿಯನ್ನು 30 ಎಂಬಿ ಪಠ್ಯದ ಮುಂದೆ ನಿಲ್ಲಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಆದರೆ ‘ಇದು ನಮಗೆ ಅತಿಯಾಯಿತು’ ಎಂದು ಗುತ್ತಿಗೆದಾರರಿಗೆ ಮುಖಕ್ಕೆ ಹೇಳಬೇಕಾದರೆ ಅದನ್ನು ಕೈಯಾರೆ ಮುಟ್ಟಿ ನೋಡಿರಬೇಕು. ನೋಡದವರ ‘ಬೇಡ’ಕ್ಕೆ ಸಭೆಯಲ್ಲಿ ಬೆಲೆಯಿಲ್ಲ.

ನನ್ನ ವಾದಕ್ಕೆ ಎದುರಾಗಿ ಬರುವ ಗಟ್ಟಿ ಮಾತೊಂದಿದೆ: ಲ್ಯಾಪ್‌ಟಾಪಿನ ಕ್ಲಸ್ಟರ್ ಆಟಿಕೆ. ಒಪ್ಪುತ್ತೇನೆ. ಕೈಂಡ್ ತೋರಿಸುವ ಮೂರು ಯಂತ್ರಗಳು ಒಂದೇ ಬ್ಯಾಟರಿಯ ಮೇಲಿವೆ. ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಮೂರೂ ಒಟ್ಟಿಗೆ ಸಾಯುತ್ತವೆ. ನಿಜವಾದ ಜಾಲದ ತೊಂದರೆಗಳು, ನಿಜವಾದ ಜನಸಂದಣಿ ಅಲ್ಲಿ ಕಾಣುವುದಿಲ್ಲ. ಅದರ ಮೇಲೆ ಪಠ್ಯಕೋಶ ನಡೆಸಿ ಎಂದು ಯಾರಿಗೂ ಹೇಳಲಾರೆ. ಆದರೆ ಅಲ್ಲಿ ಓಡುವ ಮೇಸ್ತ್ರಿ ಅದೇ ಮೇಸ್ತ್ರಿ, ಕೊಡುವ ಆದೇಶಗಳು ಅವೇ ಆದೇಶಗಳು. ನಮಗೆ ಬೇಕಿರುವುದು ಅದರ ತರ್ಕದ ಪರಿಚಯ. ಛಂದಸ್ಸು ಕಲಿಯುವವರು ಮಹಾಕಾವ್ಯ ಬರೆಯಲೇಬೇಕೆಂದಿಲ್ಲ. ನಾಲ್ಕು ಸಾಲಿಗೆ ಪ್ರಸ್ತಾರ ಹಾಕಿದರೂ ಓದುವ ಕಿವಿ ಬದಲಾಗುತ್ತದೆ.

ಇನ್ನು ಸಮಯದ ಮಾತು. ಇದಕ್ಕೆ ಹಿಡಿಯುವುದು ಒಂದು ವಾರಾಂತ್ಯ. ಹಳಗನ್ನಡದ ಒಂದು ಕಂದಪದ್ಯಕ್ಕೆ ಅನ್ವಯ ಹಚ್ಚುವ ತಾಳ್ಮೆ ಇರುವವರಿಗೆ ‘ಇಮೇಜ್ ಸಿಗುತ್ತಿಲ್ಲ’ ಎಂಬ ದೋಷಸೂಚನೆ ಓದಿ ಕಾರಣ ಹುಡುಕುವುದು ಆಗದ ಕೆಲಸವೇನಲ್ಲ. ಡಿಜಿಟಲ್ ಮಾನವಿಕಗಳ ಪತ್ರಿಕೆಯನ್ನು ಪಠ್ಯಕ್ರಮಕ್ಕೆ ಸೇರಿಸಿರುವ ವಿಭಾಗಗಳು ಒಂದು ವಾರದ ತರಗತಿಯನ್ನು ಇದಕ್ಕೆ ಬಿಡಲಿ, ಕನ್ನಡದಲ್ಲೇ ಕಲಿಸಲಿ. ಪಾಡ್ ಎಂದರೆ ಪಾಡ್, ಕ್ಲಸ್ಟರ್ ಎಂದರೆ ಕ್ಲಸ್ಟರ್; ಹೊಸ ಪಾರಿಭಾಷಿಕ ಪದಕೋಶ ಬರಲಿ ಎಂದು ಕಾಯಬೇಕಿಲ್ಲ.

ಅಲ್ಲಿಯವರೆಗೆ, ಮುಂದಿನ ವಿಚಾರಸಂಕಿರಣದಲ್ಲಿ ಯಾರಾದರೂ “ಕ್ಲೌಡ್‌ನಲ್ಲಿದೆ” ಎಂದರೆ ಕೂರಬೇಡಿ, ಮೂರು ಪ್ರಶ್ನೆ ಕೇಳಿ. ತಿದ್ದಿದ ಪಠ್ಯದ ಪ್ರತಿ ನಿಮ್ಮ ವಿಭಾಗದ ಯಾವ ಡಿಸ್ಕಿನಲ್ಲಿದೆ? ಬರುವ ತಿಂಗಳು ಬಿಲ್ ಕಟ್ಟದಿದ್ದರೆ ಏನು ಉಳಿಯುತ್ತದೆ? ಇದೆಲ್ಲವನ್ನೂ ಈ ಮೇಜಿನ ಮೇಲಿರುವ ಲ್ಯಾಪ್‌ಟಾಪಿನಲ್ಲಿ ಮತ್ತೆ ಎಬ್ಬಿಸಿ ತೋರಿಸುತ್ತೀರಾ? ಮೂರಕ್ಕೂ ಉತ್ತರವಿಲ್ಲದ ಯೋಜನೆಗೆ ಸಾರ್ವಜನಿಕ ಹಣ ಕೊಡಬಾರದು.