ಅಂಗಿ ನೋಡಿ ಹುಡುಗನನ್ನು ಅಳೆಯಬೇಡಿ

ಹದಿಹರೆಯದವರು ಕೇಳುವ ಹಾಡುಗಳನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದು ಹಿರಿಯರಿಗೆ ಬಲು ಸುಲಭ. ನನ್ನ ವಿದ್ಯಾರ್ಥಿಗಳಾಗಿದ್ದ ನಿಮ್ಮಲ್ಲಿ ಅನೇಕರು ಈಗ ಆ ವಯಸ್ಸಿನ ಮಕ್ಕಳ ತಂದೆತಾಯಂದಿರು. ಆದ್ದರಿಂದ ಅಂತಹ ಒಂದು ‘ಗದ್ದಲ’ದ ಹಿನ್ನೆಲೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಅಮೆರಿಕದ ವೀಟಸ್ ತಂಡ 2000ದಲ್ಲಿ ‘ಟೀನೇಜ್ ಡರ್ಟ್‌ಬ್ಯಾಗ್’ ಎಂಬ ಪಾಪ್ ರಾಕ್ ಗೀತೆಯನ್ನು ಹೊರತಂದಿತು. ಜನಪ್ರಿಯತೆಯ ಪಟ್ಟಿಯಲ್ಲಿ ಅದು ಆಸ್ಟ್ರೇಲಿಯಾದಲ್ಲಿ ಮೊದಲನೆಯ ಸ್ಥಾನಕ್ಕೂ, 2001ರಲ್ಲಿ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಶೀರ್ಷಿಕೆಯನ್ನು ‘ಕೊಳಕು ಪೋರ’ ಎನ್ನಬಹುದು. ಶಾಲೆಯಲ್ಲಿ ಯಾರ ಗಣನೆಗೂ ಬಾರದ ಹುಡುಗನೊಬ್ಬ ಸಹಪಾಠಿಯೊಬ್ಬಳನ್ನು ಮನಸ್ಸಿನಲ್ಲೇ ಮೆಚ್ಚಿ, ತಾನಿರುವುದೂ ಆಕೆಗೆ ತಿಳಿಯದೆಂದು ಕೊರಗುವುದೇ ಅದರ ಕಥೆ.

ಇದನ್ನು ಬರೆದ ಬ್ರೆಂಡನ್ ಬ್ರೌನ್ ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿ. 1984ರಲ್ಲಿ ಅಲ್ಲಿನ ನಾರ್ತ್‌ಪೋರ್ಟ್ ಎಂಬ ಊರಿನಲ್ಲಿ ಹದಿನೇಳರ ತರುಣನೊಬ್ಬ ತನ್ನದೇ ವಯಸ್ಸಿನವನನ್ನು ಕೊಂದ. ಬಂಧನವಾದಾಗ ಅವನು ಎಸಿ/ಡಿಸಿ ಎಂಬ ರಾಕ್ ತಂಡದ ಅಂಗಿ ತೊಟ್ಟಿದ್ದ. ಸೈತಾನನ ಆರಾಧನೆಯ ಸುದ್ದಿ ಎಲ್ಲೆಡೆ ಹಬ್ಬಿತು. ಹತ್ತು ವರ್ಷದ ಬ್ರೌನ್ ಅದೇ ತಂಡದ ಕ್ಯಾಸೆಟ್ಟುಗಳನ್ನು ಹಿಡಿದು ಓಡಾಡುತ್ತಿದ್ದ ಬಾಲಕ. ಅಷ್ಟು ಮಾತ್ರಕ್ಕೆ ಪೋಷಕರು, ಶಿಕ್ಷಕರು, ಪೊಲೀಸರು ತನ್ನನ್ನೂ ಸೈತಾನನ ಭಕ್ತನೆಂದು ಶಂಕಿಸಿದರೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಗೀತೆಯಲ್ಲಿ ಶಾಲೆಗೆ ಬಂದೂಕು ತರುವವನು ಈ ‘ಕೊಳಕು ಪೋರ’ನಲ್ಲ, ಆಕೆಯ ಠೀವಿಯ ಗೆಳೆಯ. ಹಣೆಪಟ್ಟಿ ಮಾತ್ರ ಇವನಿಗೆ! ಕೊನೆಯಲ್ಲಿ ಆ ಹುಡುಗಿಯೇ ಐರನ್ ಮೇಡನ್ ತಂಡದ ಕಾರ್ಯಕ್ರಮಕ್ಕೆ ಎರಡು ಟಿಕೆಟ್ ಹಿಡಿದು ಬಂದು, ತಾನೂ ಅವನಂಥವಳೇ ಎನ್ನುತ್ತಾಳೆ. ಆಕೆ ಅವನನ್ನು ತಿದ್ದಲು ಬರಲಿಲ್ಲ. ಅವನ ಮೆಚ್ಚುಗೆಯಲ್ಲಿ ಪಾಲು ಕೇಳಿದಳು. ಹದಿಹರೆಯದ ಜೀವಕ್ಕೆ ಬೇಕಾದದ್ದು ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಟಾನ್ಲಿ ಹಾಲ್ 1904ರಲ್ಲಿ ಹದಿಹರೆಯವನ್ನು ಬಿರುಗಾಳಿ ಮತ್ತು ಒತ್ತಡದ ಕಾಲವೆಂದು ವರ್ಣಿಸಿದ್ದನ್ನು ಬಿ.ಇಡ್. ಓದುವಾಗ ಬಾಯಿಪಾಠ ಮಾಡಿದ್ದೆವು. ಆ ಬಿರುಗಾಳಿಯಲ್ಲಿ ಹಿರಿಯರು ಎಬ್ಬಿಸಿದ್ದು ಎಷ್ಟು ಪಾಲು ಎಂದು ನಮ್ಮ ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ.

ಮಕ್ಕಳು ಕೇಳುವ ಹಾಡುಗಳೆಲ್ಲವೂ ಒಳ್ಳೆಯವೆಂದು ನಾನು ವಾದಿಸಲಾರೆ. ಆದರೆ ಅಂಗಿ, ಕೂದಲು, ಹಾಡುಗಳನ್ನು ನೋಡಿ ನಡತೆಯ ಪ್ರಮಾಣಪತ್ರ ಬರೆದುಕೊಟ್ಟರೆ ಮಗು ಕೋಣೆಯ ಬಾಗಿಲು ಹಾಕಿಕೊಳ್ಳುತ್ತದೆ. ಮುಂದೊಂದು ದಿನ ನಿಜವಾದ ಸಂಕಟ ಬಂದಾಗಲೂ ಆ ಬಾಗಿಲು ತೆರೆಯದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ನಮಗೆಲ್ಲ ಪ್ರಿಯವೇ. ಬಗ್ಗಿಸುವ ಮುನ್ನ ಅದು ಯಾವ ಗಿಡವೆಂದು ತಿಳಿಯಬೇಡವೇ? ಈ ಸಂಜೆ ಮಗನ ಅಥವಾ ಮಗಳ ಪಕ್ಕದಲ್ಲಿ ಕುಳಿತು, “ಏನು ಕೇಳುತ್ತಿದ್ದೀಯಪ್ಪಾ, ನನಗೂ ಕೇಳಿಸು” ಎನ್ನಿ. ಹಾಡು ಮುಗಿಯುವವರೆಗೆ ಉಪದೇಶ ಬೇಡ.