ಹಳೆಯ ಕಾರು, ಹೊಸ ಪಿಚಕಾರಿ

ಕೊಳ್ಳೇಗಾಲದಿಂದ ಹೊರಟು ಹನೂರು, ಕೌದಳ್ಳಿಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ದಾರಿಯಲ್ಲಿ, ಮಳೆಗಾಲದ ಒಂದು ಇರುಳು, ನಾನು ಕುಳಿತಿದ್ದ ಹಳೆಯ ಅಂಬಾಸಿಡರ್ ಕಾರು ತಿರುವೊಂದರಲ್ಲಿ ಕೆಮ್ಮಿ, ಮುಗ್ಗರಿಸಿ, ನಿಂತುಬಿಟ್ಟಿತು. ಹಿಂದೆ ಯಾತ್ರಿಕರ ಬಸ್ಸು, ಮುಂದೆ ಕತ್ತಲೆ, ಪಕ್ಕದಲ್ಲಿ ಕಣಿವೆ. ಕಾರಿನ ಒಡೆಯರಾದ ನನ್ನ ಬಂಧುಗಳು ಎರಡು ತಿಂಗಳ ಹಿಂದೆಯಷ್ಟೇ ಅದರ ಕಾರ್ಬ್ಯುರೇಟರನ್ನು ಕಳಚಿಸಿ, ಪೆಟ್ರೋಲನ್ನು ಪಿಚಕಾರಿಯಂತೆ ಚಿಮ್ಮಿಸುವ ಹೊಸ ಸಲಕರಣೆಯನ್ನು ಹಾಕಿಸಿದ್ದರು. ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ಅದು ಸೊಗಸಾಗಿಯೇ ಓಡುತ್ತಿದ್ದಿತು. ದೋಷವು ಪೆಟ್ರೋಲಿನದೆಂದು ಒಬ್ಬರು, ಎಲೆಕ್ಟ್ರಾನಿಕ್ ನಿಯಂತ್ರಕದ್ದೆಂದು ಇನ್ನೊಬ್ಬರು ತೀರ್ಪು ಕೊಟ್ಟರು. ಮಾರನೆಯ ದಿನ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮಲ್ಟಿಮೀಟರೊಂದು ಹೇಳಿದ್ದೇ ಬೇರೆ. ಬ್ಯಾಟರಿಯ ತುದಿಗಳಲ್ಲಿ 12 ವೋಲ್ಟು. ನಿಯಂತ್ರಕದ ಬಳಿ 9.8 ವೋಲ್ಟು. ನಡುವಣ 2.2 ವೋಲ್ಟು ಎಲ್ಲಿ ಹೋಯಿತು?

ಅದು ಹೋದದ್ದು ಹಳೆಯ ಕೀಲಿ ಸ್ವಿಚ್ಚಿನ ಸವೆದ ಸ್ಪರ್ಶಗಳಲ್ಲಿ ಮತ್ತು ಅಲ್ಲಿಂದ ಹೊರಟ ತೆಳುವಾದ ತಂತಿಯಲ್ಲಿ. ಸಲಕರಣೆಯನ್ನು ಜೋಡಿಸಿದವರು, ಕೀಲಿ ತಿರುಗಿಸಿದಾಗ ಯಾವ ತಂತಿಯಲ್ಲಿ ವಿದ್ಯುತ್ತು ಬರುವುದೋ ಆ ತಂತಿ ಸಾಕು ಎಂದುಕೊಂಡು, ಪಂಪು, ಪಿಚಕಾರಿ, ನಿಯಂತ್ರಕ ಮೂರರ ಹೊರೆಯನ್ನೂ ಅದರ ಮೇಲೆಯೇ ಹೊರಿಸಿದ್ದರು. ಒಟ್ಟು 11 ಆಂಪಿಯರ್ ಪ್ರವಾಹ. ದಾರಿಯ ರೋಧ 0.2 ಓಮ್. ಗುಣಿಸಿ ನೋಡಿದರೆ ಕಳೆದುಹೋದ ವೋಲ್ಟುಗಳ ಲೆಕ್ಕ ಸರಿಹೋಗುವುದು. ಓಮ್ ಮಹಾಶಯನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅದನ್ನು ಕಾರಿನ ಬಾನೆಟ್ಟಿನ ಕೆಳಗೆ ಗುರುತಿಸಬಲ್ಲರು?

0.2 ಓಮ್ ಎಂದರೆ ಏನು ಮಹಾ ಎಂದು ಕೇಳಬಹುದು. ಮನೆಯ 230 ವೋಲ್ಟಿನಲ್ಲಿ 2 ವೋಲ್ಟು ಹೋದರೆ ಯಾರಿಗೂ ತಿಳಿಯದು. ಕಾರಿನ 12 ವೋಲ್ಟಿನಲ್ಲಿ ಅದು ಆರನೆಯ ಒಂದು ಪಾಲು. ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಲ್ಲಿ ಈ ಪಾಠ ಬಹು ಹಿಂದೆಯೇ ಬರೆಯಲ್ಪಟ್ಟಿದೆ. 1902ರಲ್ಲಿ ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದ ಎಂಜಿನಿಯರುಗಳು ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ ಪ್ರವಾಹವನ್ನು ತಗ್ಗಿಸಿದರು. ಹಾಗೆ ಮಾಡದಿದ್ದರೆ ಕಾವೇರಿಯ ಶಕ್ತಿಯೆಲ್ಲವೂ ತಂತಿಯನ್ನು ಕಾಯಿಸುವುದರಲ್ಲೇ ಮುಗಿಯುತ್ತಿತ್ತು. ಕಾರಿನಲ್ಲಿ ವೋಲ್ಟನ್ನು ಏರಿಸುವಂತಿಲ್ಲ. ದಾರಿಯನ್ನು ಕಿರಿದುಮಾಡಬೇಕು, ತಂತಿಯನ್ನು ದಪ್ಪ ಮಾಡಬೇಕು.

ಇದಕ್ಕೆ ರಿಲೇ ಎಂಬ ಪುಟ್ಟ ಡಬ್ಬಿಯುಂಟು. ಅದರೊಳಗಿನ ಸುರುಳಿಗೆ ಬೇಕಾದುದು ಆಂಪಿಯರಿನ ಐದನೆಯ ಒಂದು ಪಾಲಿನಷ್ಟು ಪ್ರವಾಹ ಮಾತ್ರ. ಅಷ್ಟರಿಂದ ಅದು ಕಾಂತವಾಗಿ, ದೊಡ್ಡ ಸ್ಪರ್ಶಗಳನ್ನು ಎಳೆದು ಸೇರಿಸುವುದು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ದಪ್ಪ ತಂತಿ 30 ಎಂಬ ಗುರುತಿನ ಕಾಲಿಗೆ. ಹೊರೆಯ ತಂತಿ 87ಕ್ಕೆ. ಸುರುಳಿಯ ತುದಿಗಳು 85, 86. ಹಳೆಯ ಕೀಲಿಯು ಸುರುಳಿಗೆ ಅಪ್ಪಣೆ ಕೊಟ್ಟರೆ ಸಾಕು. ನಮ್ಮ ಬಂಧುಗಳ ಕಾರಿನಲ್ಲಿ ಆದದ್ದಾದರೋ, ಅಮಲ್ದಾರರ ಅಪ್ಪಣೆಯನ್ನು ಒಯ್ಯುವ ಜವಾನನ ತಲೆಯ ಮೇಲೆ ರಾಗಿಯ ಮೂಟೆಯನ್ನೂ ಹೊರಿಸಿದಂತೆ. ನಿಯಂತ್ರಕದ ಮುಖ್ಯ ತಂತಿಗಳಂತೂ ನೇರವಾಗಿ ಬ್ಯಾಟರಿಗೇ ಹೋಗತಕ್ಕವು. ಕೀಲಿಯಿಂದ ಅದಕ್ಕೆ ಬರಬೇಕಾದುದು ಒಂದು ಸಣ್ಣ ಸೂಚನೆಯ ತಂತಿ.

ಆ ಸೂಚನೆಯ ತಂತಿಯನ್ನು ಎಲ್ಲಿಂದ ತೆಗೆಯಬೇಕೆಂಬುದರಲ್ಲಿಯೂ ಎಡವುವವರುಂಟು. ರೇಡಿಯೋ ಮುಂತಾದುವುಗಳಿಗೆ ಮೀಸಲಾದ ತಂತಿಯು ಅನೇಕ ಕಾರುಗಳಲ್ಲಿ, ಕೀಲಿಯನ್ನು ಸ್ಟಾರ್ಟಿನ ಸ್ಥಾನಕ್ಕೆ ತಿರುಗಿಸಿದೊಡನೆ ಸತ್ತುಹೋಗುವುದು. ಎಂಜಿನು ತಿರುಗಲಾರಂಭಿಸಿದ ಗಳಿಗೆಯಲ್ಲಿಯೇ ನಿಯಂತ್ರಕ ಕಣ್ಣುಮುಚ್ಚಿದರೆ ಪೆಟ್ರೋಲು ಚಿಮ್ಮುವುದೆಂತು? ಕೆಲವು ಹಳೆಯ ಕಾರುಗಳಲ್ಲಿ ಇಗ್ನಿಷನ್ ಕಾಯಿಲಿನ ದಾರಿಯಲ್ಲಿ ಬೇಕೆಂದೇ ಒಂದು ರೋಧವನ್ನು ಇಟ್ಟಿರುತ್ತಾರೆ. ಅದರ ಆಚೆಗೆ ತಂತಿ ಸಿಕ್ಕಿಸಿದರೆ 12 ವೋಲ್ಟು ಸಿಗದು. ಬ್ರಿಟಿಷ್ ವಿನ್ಯಾಸದ ಹಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಒಡಲಿಗೆ ಸೇರಿರುವುದು. ಅದನ್ನು ನೋಡದೆ ಹೊಸ ನಿಯಂತ್ರಕವನ್ನು ಜೋಡಿಸಿದರೆ ಅದು ಸುಟ್ಟುಹೋಗುವ ಸಂಭವವುಂಟು. ಆದುದರಿಂದ ಮೀಟರು ಹಿಡಿದು, ಕೀಲಿಯ ಪ್ರತಿಯೊಂದು ಸ್ಥಾನದಲ್ಲಿಯೂ, ಸ್ಟಾರ್ಟರು ತಿರುಗುತ್ತಿರುವಾಗಲೂ, ಅಳೆದು ನೋಡದೆ ತಂತಿಯನ್ನು ಕತ್ತರಿಸುವುದು ಸಲ್ಲದು.

ಇಷ್ಟಾದರೂ ಇದು ಕಾರು ನಿಲ್ಲುವ ಮಾತು. ಪಂಪಿನ ಮಾತು ಪ್ರಾಣದ ಮಾತು. ಕಾರ್ಬ್ಯುರೇಟರಿಗೆ ಪೆಟ್ರೋಲನ್ನು ಕೊಡುವ ಹಳೆಯ ಪಂಪಿನ ಒತ್ತಡ ವಾಯುಮಂಡಲದ ಒತ್ತಡದ ಅರ್ಧಕ್ಕಿಂತ ಕಡಿಮೆ. ಪಿಚಕಾರಿಗೆ ಬೇಕಾದುದು ಸುಮಾರು ಮೂರರಷ್ಟು ಅಥವಾ ಹೆಚ್ಚು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ನಂತರದ ಹೊಸ ಮೋಟಾರ್ ಸೈಕಲ್ಲೊಂದರ ಬಳಿ ನಿಂತು ಕೀಲಿ ತಿರುಗಿಸಿರಿ: ಟ್ಯಾಂಕಿನೊಳಗಿಂದ ಗುಂಯ್ ಎಂಬ ಸದ್ದು ಕ್ಷಣಕಾಲ ಕೇಳಿ ನಿಂತುಹೋಗುವುದು. ನಿಯಂತ್ರಕವು ಪಂಪನ್ನು ಎರಡು ಮೂರು ಸೆಕೆಂಡು ಓಡಿಸಿ, ಎಂಜಿನು ತಿರುಗದಿದ್ದರೆ ನಿಲ್ಲಿಸಿಬಿಡುತ್ತದೆ. ಅಪಘಾತದಲ್ಲಿ ಎಂಜಿನು ನಿಂತರೆ ಪಂಪೂ ನಿಲ್ಲುವುದು. ಪಂಪನ್ನು ನೇರವಾಗಿ ಕೀಲಿಗೆ ಕಟ್ಟಿದ ಕಾರಿನಲ್ಲಿಯಾದರೋ, ಕಾರು ಮಗುಚಿ ಬಿದ್ದು ಕೊಳವೆ ಹರಿದರೂ, ಕೀಲಿಯನ್ನು ತಿರುಗಿಸಿ ನಿಲ್ಲಿಸುವವರೆಗೆ ಪಂಪು ಬಿಸಿ ಎಂಜಿನಿನ ಮೇಲೆ ಪೆಟ್ರೋಲನ್ನು ಸುರಿಯುತ್ತಲೇ ಇರುವುದು. ಇಂತಹ ಜೋಡಣೆಯನ್ನು ನಾನು ಕಂಡಿದ್ದೇನೆ. ಇದನ್ನು ಅಗ್ಗದ ಜಾಣತನವೆಂದು ಹೊಗಳುವವರನ್ನೂ ಕಂಡಿದ್ದೇನೆ.

ಇಷ್ಟೆಲ್ಲ ತೊಡಕಿರುವಾಗ ಪಿಚಕಾರಿಯೇ ಬೇಡವೆಂದು ನಾನು ಹೇಳುತ್ತಿಲ್ಲ. 1967ರಲ್ಲಿ ಫೋಕ್ಸ್‌ವಾಗನ್ ಕಾರಿನಲ್ಲಿ ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ಪಿಚಕಾರಿ ಬಂದಂದಿನಿಂದ ಅದರ ಗುಣ ಸಿದ್ಧವಾದದ್ದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರಿದಾಗ, ಸುಮಾರು 5000 ಅಡಿಯ ಎತ್ತರದಲ್ಲಿ, ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಆರರಲ್ಲಿ ಐದು ಪಾಲಿಗೆ ಇಳಿದಿರುತ್ತದೆ. ಕಾರ್ಬ್ಯುರೇಟರಿಗೆ ಇದರ ಅರಿವಿಲ್ಲ. ಗಾಳಿಗೆ ಮೀರಿದ ಪೆಟ್ರೋಲನ್ನು ಕೊಟ್ಟು ಹೊಗೆ ಬಿಡಿಸುತ್ತದೆ. ನಿಯಂತ್ರಕ ಅಳೆದು ಕೊಡುತ್ತದೆ. ಆದರೆ ತಂತಿಗಳ ಕೆಲಸಕ್ಕೆ ಹಣವನ್ನೂ ತಾಳ್ಮೆಯನ್ನೂ ವೆಚ್ಚ ಮಾಡಲಾರದವರು ಕಾರ್ಬ್ಯುರೇಟರನ್ನೇ ಇಟ್ಟುಕೊಂಡು ಸುಖವಾಗಿರಲಿ ಎಂಬುದು ನನ್ನ ಅಭಿಪ್ರಾಯ. ಕಾರನ್ನು ಹೀಗೆ ಮಾರ್ಪಡಿಸಲು ಕಾನೂನಿನ ಒಪ್ಪಿಗೆ ಎಷ್ಟರಮಟ್ಟಿಗೆ ಇದೆಯೆಂದು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದೂ ಒಳ್ಳೆಯದು.

ಇನ್ನೊಂದು ಲೆಕ್ಕ ಉಳಿದಿದೆ. ಆ ಕಾಲದ ಡೈನಮೊ ಕೊಡುವುದು ಹೆಚ್ಚೆಂದರೆ 22 ಆಂಪಿಯರಿನಷ್ಟು. ಅದೂ ಎಂಜಿನು ಚುರುಕಾಗಿ ಓಡುವಾಗ. ಪಿಚಕಾರಿ ವ್ಯವಸ್ಥೆಗೆ 11, ಕಾಯಿಲಿಗೆ 4, ಮುಂದೀಪಗಳಿಗೆ 8, ಹಿಂದಿನ ದೀಪಗಳಿಗೂ ಗಾಜಿನ ಒರೆಸುಕಡ್ಡಿಗಳಿಗೂ ಸೇರಿ 4: ಒಟ್ಟು 27. ಮಳೆಯ ರಾತ್ರಿಯಲ್ಲಿ ಬ್ಯಾಟರಿ ಗಂಟೆಗಂಟೆಗೂ ಸಾಲ ಕೊಡುತ್ತ ಬರಿದಾಗುವುದು. ಹಗಲಿನಲ್ಲಿ ಓಡಿದ ಕಾರು ಬೆಟ್ಟದಲ್ಲಿ ನಿಂತದ್ದೇಕೆಂಬುದು ಈಗ ತಿಳಿಯಿತಷ್ಟೆ?

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ರಿಯೋಸ್ಟಾಟನ್ನು ಜಾರಿಸಿ ನಕ್ಷೆ ಬರೆಯಿಸುವ ಬದಲು, ಒಂದು ಕಾರಿನ ಬ್ಯಾಟರಿ, ಹಳೆಯ ಕೀಲಿ ಸ್ವಿಚ್ಚು, ರಿಲೇ, ಪಂಪು ಇಷ್ಟನ್ನು ಮೇಜಿನ ಮೇಲಿಟ್ಟು, ವೋಲ್ಟು ಎಲ್ಲಿ ಕಳೆದುಹೋಗುತ್ತಿದೆಯೆಂದು ಹುಡುಕಲು ಹೇಳಿದರೆ ಆಗದೆ? ಇವೆಲ್ಲಕ್ಕೂ ಗುಜರಿ ಅಂಗಡಿಯ ಬೆಲೆ ಸಾಕು.

ನಮ್ಮ ಬಂಧುಗಳು ಹೊಸ ತಂತಿ ಎಳೆಯಿಸಿ, ಎರಡು ರಿಲೇ ಹಾಕಿಸಿ, ಪಂಪನ್ನು ನಿಯಂತ್ರಕದ ವಶಕ್ಕೆ ಒಪ್ಪಿಸಿದರು. ಈಗ ಬ್ಯಾಟರಿಗೂ ನಿಯಂತ್ರಕಕ್ಕೂ ನಡುವೆ ಕಳೆಯುವುದು 0.2 ವೋಲ್ಟು. ಡೈನಮೊ ಮಾತ್ರ ಹಳೆಯದೇ; ಆದುದರಿಂದ ಇರುಳಿನಲ್ಲಿ ಅವರು ಬೆಟ್ಟ ಹತ್ತುವುದಿಲ್ಲ.