ತಂತಿಯ ವ್ಯಾಪಾರವೋ, ಸೇವೆಯ ವ್ಯಾಪಾರವೋ?

ಮನೆಮನೆಗೆ ಅಂತರ್ಜಾಲವನ್ನು ಒದಗಿಸುವ ಬ್ರಾಡ್‌ಬ್ಯಾಂಡ್ ಸಂಸ್ಥೆಗಳ ಜಾಹೀರಾತುಗಳನ್ನು ನಮ್ಮ ವಾಚಕರು ನಿತ್ಯವೂ ನೋಡುತ್ತಿರುವರು. ಒಬ್ಬರು ನೂರು ಮೆಗಾಬಿಟ್ಟಿನ ವೇಗವೆಂದರೆ ಮತ್ತೊಬ್ಬರು ಮುನ್ನೂರೆನ್ನುವರು. ಮೂರನೆಯವರು ಅದೇ ಹಣಕ್ಕೆ ಇನ್ನೂ ಹೆಚ್ಚಿನದನ್ನು ಕೂಗುವರು. ಈ ಪೈಪೋಟಿಯಿಂದ ಗಿರಾಕಿಗೆ ಕೆಲವು ಕಾಲ ಲಾಭವಾಗುವದು ನಿಜ. ಆದರೆ ವೇಗವೊಂದನ್ನೇ ಮಾರುವವನು ಬೆಲೆಯೊಂದನ್ನೇ ನೆಚ್ಚಿ ಬಾಳಬೇಕಾಗುವದು. ಬೆಲೆ ಇಳಿದಿಳಿದು ಒಂದು ದಿನ ಸಣ್ಣ ಬಂಡವಾಳದವರು ಅಂಗಡಿ ಮುಚ್ಚುವರು. ಉಳಿದ ಒಬ್ಬಿಬ್ಬರು ದೊಡ್ಡವರು ಆಮೇಲೆ ಮನಬಂದ ಬೆಲೆಯನ್ನು ಕಟ್ಟುವರು. ಈ ಗತಿ ಒದಗದಂತೆ ಮಾಡುವ ಮಾರ್ಗವಾವುದೆಂಬುದೇ ಇಂದಿನ ವಿಚಾರ.

ಗೃಹಸ್ಥನಿಗೆ ಬೇಕಾದುದು ಮೆಗಾಬಿಟ್ಟುಗಳಲ್ಲ. ಒಳಕೋಣೆಯಲ್ಲಿ ಕುಳಿತ ಮಗುವಿಗೆ ಪಾಠ ತಡೆಯಿಲ್ಲದೆ ಕೇಳಬೇಕು. ಅಂಗಡಿಕಾರನಿಗೆ ಹಣ ಸಂದಾಯವಾದ ಸುದ್ದಿ ಆ ಕ್ಷಣದಲ್ಲಿ ಮುಟ್ಟಬೇಕು. ಮುದಿ ತಾಯಿಯು ದೂರದ ವೈದ್ಯನನ್ನು ಕಂಡು ಮಾತಾಡಬೇಕು. ಕಳ್ಳಗಣ್ಣು ಮನೆಯೊಳಗೆ ಇಣುಕಬಾರದು. ಇವನ್ನು ಹೊಣೆ ಹೊತ್ತು ನಡೆಸಿಕೊಡುವದೇ ಸೇವೆ. ಬೀದಿಯ ಕಂಬದವರೆಗೆ ಫೈಬರ್ ಎಳೆದು ಮುಂದಿನದನ್ನು ದೈವಕ್ಕೆ ಬಿಡುವದು ಸೇವೆಯಲ್ಲ. ಸೇವೆಯನ್ನು ಮಾರಬಲ್ಲ ಸಂಸ್ಥೆಯು ಬೆಲೆಯ ಕಾಳಗದಿಂದ ಪಾರಾಗುವದು. ಗಿರಾಕಿಯೂ ಕೊಟ್ಟ ಹಣಕ್ಕೆ ತಕ್ಕ ಫಲವನ್ನು ಕಾಣುವನು.

ಹಾಗಿದ್ದರೆ ಸಂಸ್ಥೆಗಳು ಈ ದಾರಿಯನ್ನೇಕೆ ಹಿಡಿಯಲಿಲ್ಲ? ಅಡ್ಡಿಯು ಗೋಡೆಗೆ ತೂಗುಹಾಕಿದ ಆ ಸಣ್ಣ ಪೆಟ್ಟಿಗೆಯಲ್ಲಿದೆ. ರೌಟರನ್ನು ಮಾಡಿದವನೇ ಅದರೊಳಗಿನ ತಂತ್ರಾಂಶವನ್ನೂ ಮಾಡಿ, ಅದಕ್ಕೆ ತನ್ನದೇ ಬೀಗ ಹಾಕಿದರೆ, ಹೊಸದೊಂದು ಸೇವೆಯನ್ನು ಸೇರಿಸಬೇಕಾದಾಗಲೆಲ್ಲ ಅವನ ಬಾಗಿಲಲ್ಲಿ ನಿಲ್ಲಬೇಕು. ನಾಲ್ವರು ತಯಾರಕರ ಪೆಟ್ಟಿಗೆಗಳಿದ್ದರೆ ಒಂದೇ ಕೆಲಸವನ್ನು ನಾಲ್ಕು ಸಲ ಮಾಡಿಸಬೇಕು, ನಾಲ್ಕು ಸಲ ಹಣ ತೆರಬೇಕು. ಹಿಂದೆ ಮೈಸೂರಿನಿಂದ ಮದರಾಸಿಗೆ ಹೊರಟ ಸರಕನ್ನು ಬೆಂಗಳೂರಿನಲ್ಲಿ ಇಳಿಸಿ ಬೇರೆ ಡಬ್ಬಿಗಳಿಗೆ ತುಂಬಬೇಕಾಗಿತ್ತು. ಮೈಸೂರಿನ ಕಡೆಯ ಹಳಿ ಮೀಟರ್ ಗೇಜು, ಮದರಾಸಿನ ಕಡೆಯದು ಬ್ರಾಡ್ ಗೇಜು. ಇಳಿಸಿ ಏರಿಸುವ ಖರ್ಚನ್ನು ತೆತ್ತವರು ಪ್ರಜೆಗಳೇ. ೧೯೯೨ರಲ್ಲಿ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಆರಂಭವಾದ ಮೇಲೆ ಈ ಕ್ಲೇಶವು ಕ್ರಮೇಣ ಕಳೆಯಿತು. ಮುಕ್ತ ಮಾನಕವೆಂದರೆ ಇಂಥ ಒಂದೇ ಅಗಲದ ಹಳಿ. ಅದರ ಅಳತೆಯು ಎಲ್ಲರಿಗೂ ತಿಳಿದಿರುವದು. ಅದರ ಮೇಲೆ ಯಾರ ಗಾಡಿಯಾದರೂ ಓಡಬಹುದು.

ಬ್ರಾಡ್‌ಬ್ಯಾಂಡಿನಲ್ಲಿಯೂ ಇಂಥ ಹಳಿಗಳನ್ನು ಹಾಸಲಾಗಿದೆ. ಇಂದು ಬ್ರಾಡ್‌ಬ್ಯಾಂಡ್ ಫೋರಮ್ ಎನಿಸಿಕೊಂಡಿರುವ ಸಂಘವು ೨೦೦೪ರಲ್ಲಿ ಟಿಆರ್-೦೬೯ ಎಂಬ ಮಾನಕವನ್ನು ಪ್ರಕಟಿಸಿತು. ಮನೆಯ ಪೆಟ್ಟಿಗೆಯನ್ನು ಸಂಸ್ಥೆಯು ದೂರದಿಂದಲೇ ಪರೀಕ್ಷಿಸಿ ಸರಿಪಡಿಸಲು ಅದು ಸಾಧನವಾಯಿತು. ೨೦೧೮ರಲ್ಲಿ ಅದರ ಮುಂದಿನ ಪೀಳಿಗೆಯಾದ ಟಿಆರ್-೩೬೯ ಬಂದಿತು. ಇದರ ಮೇರೆಗೆ ಒಂದೇ ಪೆಟ್ಟಿಗೆಯನ್ನು ಒಬ್ಬನಿಗಿಂತ ಹೆಚ್ಚು ಜನ ನಿಯಂತ್ರಿಸಬಹುದು. ಯಾರು ಏನನ್ನು ನೋಡಬಹುದು, ಏನನ್ನು ಮುಟ್ಟಬಾರದೆಂಬುದನ್ನು ಮೊದಲೇ ಗೊತ್ತುಪಡಿಸಬಹುದು. ಹೊಸ ತಂತ್ರಾಂಶದ ತುಣುಕನ್ನು ಪೆಟ್ಟಿಗೆ ಬದಲಿಸದೆಯೇ ಸೇರಿಸಬಹುದು, ತೆಗೆಯಬಹುದು. ಅದೇ ೨೦೧೮ರಲ್ಲಿ ವೈಫೈ ಅಲಯನ್ಸ್ ಸಂಘವು ಈಸಿಮೆಶ್ ಎಂಬ ಕ್ರಮವನ್ನು ಗೊತ್ತುಪಡಿಸಿದ್ದರಿಂದ, ಬೇರೆ ಬೇರೆ ತಯಾರಕರ ವೈಫೈ ಪೆಟ್ಟಿಗೆಗಳು ಒಂದೇ ಮನೆಯಲ್ಲಿ ಒಂದೇ ಜಾಲವಾಗಿ ಕೆಲಸಮಾಡಲು ದಾರಿಯಾಯಿತು. ಪೆಟ್ಟಿಗೆ ಒಬ್ಬನದು, ರಕ್ಷಣೆಯ ತಂತ್ರಾಂಶ ಇನ್ನೊಬ್ಬನದು, ನಿರ್ವಹಣೆ ಮತ್ತೊಬ್ಬನದು ಆಗಬಹುದಾದ ಮೇಲೆ, ತಾಲೂಕಿನ ಸಣ್ಣ ಕೇಬಲ್‌ನವನೂ ದೊಡ್ಡ ಸಂಸ್ಥೆಗೆ ಸಮನಾಗಿ ಸೇವೆ ಕೊಡಬಲ್ಲನು. ಇದೇ ಮಾನಕಗಳ ನಿಜವಾದ ಉಪಕಾರ.

ಆದರೆ ಕಾಗದದ ಮೇಲಿನ ಮಾನಕವೇ ಸಾಕೆಂದು ಭ್ರಮಿಸಬಾರದು. ಫೈಬರ್ ಜಾಲದ ಜಿಪಾನ್ ಪದ್ಧತಿಯು ೨೦೦೩ರಿಂದಲೂ ಅಂತರರಾಷ್ಟ್ರೀಯ ಮಾನಕವಾಗಿದ್ದರೂ, ಒಬ್ಬನ ಕೇಂದ್ರಯಂತ್ರವು ಇನ್ನೊಬ್ಬನ ಮನೆಪೆಟ್ಟಿಗೆಯೊಡನೆ ಮಾತಾಡಲೊಲ್ಲದ ಪ್ರಸಂಗಗಳು ಎಷ್ಟೋ ಆದವು. ತಯಾರಕರು ಮಾನಕದ ಸಂದುಗಳಲ್ಲಿ ತಮ್ಮ ತಮ್ಮ ವಿಶೇಷಗಳನ್ನು ತುರುಕಿದುದೇ ಅದಕ್ಕೆ ಕಾರಣ. ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯ ಅವಸ್ಥೆ ಇದಕ್ಕಿಂತ ಕೆಟ್ಟದು. ಸಂಸ್ಥೆಯನ್ನು ಬದಲಿಸಿದ ಗಿರಾಕಿಯ ಹಳೆಯ ಪೆಟ್ಟಿಗೆ ಕಸದ ಪಾಲಾಗುವದನ್ನು ಕಂಡು, ಎಲ್ಲ ಪೆಟ್ಟಿಗೆಗಳೂ ಎಲ್ಲ ಸಂಸ್ಥೆಗಳಿಗೂ ಹೊಂದುವಂತಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೨೦ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತು. ಶಿಫಾರಸು ಮಾಡುವದು ಬೇರೆ, ಜನರ ಮನೆಯಲ್ಲಿ ಅದು ಫಲಿಸುವದು ಬೇರೆ.

ಇನ್ನೊಂದು ಅಪಾಯವನ್ನೂ ಮರೆಯಲಾಗದು. ದೂರದಿಂದ ಸರಿಪಡಿಸುವ ಬಾಗಿಲು ದೂರದಿಂದ ಕೆಡಿಸುವವನಿಗೂ ಬಾಗಿಲೇ. ೨೦೧೬ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್ ಸಂಸ್ಥೆಯ ಸುಮಾರು ೯ ಲಕ್ಷ ಗಿರಾಕಿಗಳ ಸಂಪರ್ಕವು ಇಂಥ ಬಾಗಿಲನ್ನು ಗುರಿಮಾಡಿದ ದಾಳಿಯಿಂದ ಕೆಟ್ಟಿತು. ೨೦೧೭ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲಿಯೂ ಬಿಎಸ್‌ಎನ್‌ಎಲ್‌ನ ಸಾವಿರಾರು ಮೋಡೆಮುಗಳು, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟುದರಿಂದ, ದುಷ್ಟ ತಂತ್ರಾಂಶಕ್ಕೆ ತುತ್ತಾದವು. ಆದುದರಿಂದ ಮುಚ್ಚಿಡುವದೇ ಲೇಸೆಂದು ಕೆಲವರು ವಾದಿಸಬಹುದು. ನಾವು ಅದನ್ನು ಒಪ್ಪೆವು. ಬೀಗದ ರಚನೆಯನ್ನು ಮರೆಮಾಚಿದ ಮಾತ್ರಕ್ಕೆ ಕಳ್ಳನು ಹಿಂಜರಿಯನು. ಹತ್ತು ಜನ ಬಲ್ಲವರು ಪರೀಕ್ಷಿಸಿದ ಬೀಗವೇ ಗಟ್ಟಿ. ಆದರೆ ಬೀಗವನ್ನು ಹಾಕುವ ಹೊಣೆ ಸಂಸ್ಥೆಯದು. ಅದನ್ನು ಮಾನಕದ ಮೇಲೆ ಹೊರಿಸುವದು ಸಲ್ಲದು.

ಮಾನಕಗಳ ಮಾತು ಬಂದೊಡನೆ, ಇವೆಲ್ಲ ಪರದೇಶದವರ ಕಟ್ಟಳೆಗಳಲ್ಲವೇ, ಸ್ವದೇಶಿಯ ಗತಿಯೇನು, ಎಂದು ನಮ್ಮವರು ಕೇಳುವರು. ಯೋಗ್ಯವಾದ ಪ್ರಶ್ನೆ. ೧೯೮೪ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ನಮ್ಮ ಧೂಳು ಸೆಕೆಗಳಿಗೆ ತಾಳುವ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ರಚಿಸಿ, ೧೯೮೬ರಲ್ಲಿ ಮೊದಲು ಸ್ಥಾಪಿಸಿದ್ದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿನಲ್ಲಿ ಸ್ವದೇಶಿ ಯಂತ್ರವು ಪರರ ಜಾಲದೊಡನೆ ಸಮಸಮನಾಗಿ ಮಾತಾಡಿತು. ಮಾತಾಡಲು ಸಾಧ್ಯವಾದದ್ದಾದರೂ ಏತರಿಂದ? ಎರಡೂ ಕಡೆಯವರು ಒಪ್ಪಿದ ಸಂಕೇತಗಳಿದ್ದುದರಿಂದ. ೨೦೨೫ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ ೪ಜಿ ಜಾಲವೂ ಇದಕ್ಕೇ ಸಾಕ್ಷಿ. ಅದರ ಕೇಂದ್ರಭಾಗ ಸಿ-ಡಾಟಿನದು, ರೇಡಿಯೋ ಯಂತ್ರ ಬೆಂಗಳೂರಿನ ತೇಜಸ್ ಸಂಸ್ಥೆಯದು, ಜೋಡಿಸಿದವರು ಟಿಸಿಎಸ್‌ನವರು. ಮೂವರ ಕೆಲಸ ಒಂದಾಗಿ ಕೂಡಿದ್ದು ಜಗತ್ತಿಗೆಲ್ಲ ಸಾಮಾನ್ಯವಾದ ಮಾನಕದ ಬಲದಿಂದ. ಮುಚ್ಚಿದ ವ್ಯವಸ್ಥೆಯಲ್ಲಿ ತಡವಾಗಿ ಬಂದವನಿಗೆ ಸ್ಥಳವಿಲ್ಲ. ತೆರೆದ ವ್ಯವಸ್ಥೆಯಲ್ಲಿ ಯೋಗ್ಯತೆಯುಳ್ಳವನಿಗೆ ಬಾಗಿಲುಂಟು. ಸ್ವದೇಶಿಗೆ ಮುಕ್ತ ಮಾನಕವು ಶತ್ರುವಲ್ಲ, ಮಿತ್ರ. ಆದರೆ ಮಾನಕವನ್ನು ಬರೆಯುವ ಪಂಕ್ತಿಯಲ್ಲಿ ನಮ್ಮವರೂ ಕುಳಿತಿರಬೇಕು. ಬಡಿಸಿದುದನ್ನು ಉಣ್ಣುವದಷ್ಟೇ ನಮ್ಮ ಪಾಲಿನದಾಗಬಾರದು.

ಇದೀಗ ಈ ವಿಚಾರಕ್ಕೆ ತ್ವರೆಯೂ ಉಂಟು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ೨೦೧೧ರಲ್ಲಿ ಒಪ್ಪಿಗೆ ದೊರೆಯಿತು, ಅದೇ ಭಾರತ್‌ನೆಟ್. ೨೦೨೩ರ ಆಗಸ್ಟಿನಲ್ಲಿ ಅದರ ಪರಿಷ್ಕೃತ ರೂಪಕ್ಕೆ ೧,೩೯,೫೭೯ ಕೋಟಿ ರೂಪಾಯಿ ಮಂಜೂರಾಯಿತು. ಹಳ್ಳಿಯ ಮನೆಗಳಿಗೆ ಸಂಪರ್ಕ ಕೊಟ್ಟು ನಡೆಸುವ ಕೆಲಸವು ಸ್ಥಳೀಯ ಉದ್ಯಮಿಗಳ ಪಾಲಿಗೂ ಬರಲಿದೆ. ಪ್ರಜೆಯ ತೆರಿಗೆಯಿಂದ ಕೊಂಡ ಯಂತ್ರವು ಒಬ್ಬ ತಯಾರಕನ ಬೀಗಕ್ಕೆ ಸಿಕ್ಕಿದರೆ, ಹಳ್ಳಿಯ ಆ ತರುಣನು ತಂತಿ ಕಾಯುವ ಕೂಲಿಯಾಗಿಯೇ ಉಳಿಯುವನು. ಮುಕ್ತವಾಗಿದ್ದರೆ ಸೇವೆಯ ಒಡೆಯನಾಗುವನು.

ಸೇವೆಯ ಹೆಸರಿನಲ್ಲಿ ಸಂಸ್ಥೆಗಳೇ ಹೊಸ ಪಾಳೆಯಗಾರರಾಗಬಾರದೆಂಬುದನ್ನೂ ಹೇಳಿಬಿಡಬೇಕು. ನೋಡುವ ಮಾಹಿತಿಗೆ ತಕ್ಕಂತೆ ಬೇರೆ ಬೇರೆ ದರ ವಿಧಿಸುವದನ್ನು ಪ್ರಾಧಿಕಾರವು ೨೦೧೬ರ ಫೆಬ್ರುವರಿಯಲ್ಲಿ ನಿಷೇಧಿಸಿದ್ದು ಪ್ರಜೆಗಳ ಕೂಗಿಗೆ ಸಂದ ಜಯ. ಆ ಜಯವನ್ನು ಮನೆಯೊಳಗಿನ ಪೆಟ್ಟಿಗೆಯಲ್ಲಿ ಕಳೆದುಕೊಳ್ಳಬಾರದು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಸರಕಾರದ ಹಣದಿಂದ ಕೊಳ್ಳುವ ಪ್ರತಿಯೊಂದು ಯಂತ್ರವೂ ಮುಕ್ತ ಮಾನಕಕ್ಕೆ ಹೊಂದುವದೆಂದು ಪರೀಕ್ಷೆಯಿಂದ ಸಿದ್ಧವಾಗಿರಬೇಕು. ತಯಾರಕನ ಬಾಯಿಮಾತು ಸಾಲದು. ಮನೆಯ ಪೆಟ್ಟಿಗೆಯನ್ನು ಯಾರು ಯಾರು ನಿಯಂತ್ರಿಸುತ್ತಿರುವರೆಂಬುದನ್ನು ಗೃಹಸ್ಥನಿಗೆ ಅವನ ಭಾಷೆಯಲ್ಲಿ ತಿಳಿಸಬೇಕು. ಸಂಸ್ಥೆ ಬದಲಿಸಿದವನು ತನ್ನ ಪೆಟ್ಟಿಗೆಯನ್ನು ಜೊತೆಗೆ ಕೊಂಡೊಯ್ಯುವಂತಿರಬೇಕು. ಸಂಸ್ಥೆಗಳು ಇವನ್ನು ಭಾರವೆಂದೆಣಿಸದಿರಲಿ. ಬೀಗ ಹಾಕಿ ಹಿಡಿದ ಗಿರಾಕಿಯು ಸಂದು ಸಿಕ್ಕೊಡನೆ ಓಡುವನು. ಸೇವೆಯಿಂದ ಗೆದ್ದ ಗಿರಾಕಿಯು ಬಾಗಿಲು ತೆರೆದಿದ್ದರೂ ನಿಲ್ಲುವನು.